ಕುರ್ಚಿ, ಊಟ, ನಿದ್ದೆ: ನರ್ಸುಗಳ ಆರೋಗ್ಯದ ಒಂದು ಚರಿತ್ರೆ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುಗಳು ಆವಡಿ ದಾಟಿದ ಮೇಲೆ ಅಂಬತ್ತೂರು, ಪಟ್ಟರವಾಕ್ಕಂ, ಕೊರಟ್ಟೂರು ಎಂಬ ಸಣ್ಣ ನಿಲ್ದಾಣಗಳನ್ನು ನಿಲ್ಲದೆ ಹಾದುಹೋಗುತ್ತವೆ. ಪ್ರಯಾಣಿಕರು ಚೀಲ ಇಳಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ಹೊರಗೆ ನೋಡುವವರು ಕಡಿಮೆ. ನೋಡಿದರೆ ಕಾಣುವುದು ಶೀಟು ಹೊದೆಸಿದ ಶೆಡ್ಡುಗಳು, ಲೇತ್ ಯಂತ್ರಗಳ ಕಾರ್ಖಾನೆಗಳು, ಅವುಗಳ ನಡುವೆ ಈಚೆಗೆ ಎದ್ದ ಗಾಜಿನ ಕಟ್ಟಡಗಳು. 1949ರಲ್ಲಿ ಮುರುಗಪ್ಪ ಮನೆತನವೂ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯೂ ಕೂಡಿ ಟಿ.ಐ. ಸೈಕಲ್ಸ್ ಸ್ಥಾಪಿಸಿದ್ದು ಇಲ್ಲೇ. ನಮ್ಮ ಊರುಗಳಲ್ಲಿ ಅಪ್ಪಂದಿರು ತುಳಿದ ಹರ್ಕ್ಯುಲಿಸ್ ಸೈಕಲ್ಲುಗಳು ಅಂಬತ್ತೂರಿನವು. 1964ರಲ್ಲಿ ಸರ್ಕಾರ ಇಲ್ಲಿ ಕೈಗಾರಿಕಾ ವಸಾಹತು ತೆರೆಯಿತು. ಎರಡು ವರ್ಷ ಕಳೆದು, 1966ರಲ್ಲಿ, ಮುರುಗಪ್ಪ ಮನೆತನದ ಎ.ಎಂ.ಎಂ. ಪ್ರತಿಷ್ಠಾನ ಇದೇ ಊರಿನಲ್ಲಿ ಒಂದು ಆಸ್ಪತ್ರೆ ಕಟ್ಟಿತು. ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್‌ನ ಅಧ್ಯಕ್ಷರಾಗಿದ್ದ ಸರ್ ಐವನ್ ಸ್ಟೆಡ್‌ಫೋರ್ಡ್ ಅವರ ಹೆಸರು ಅದಕ್ಕೆ.

ಹೀಗೆ ಒಂದೇ ಊರಿನಲ್ಲಿ ಕಾರ್ಖಾನೆಯೂ ಆಸ್ಪತ್ರೆಯೂ ಬೆಳೆದವು. ಎರಡೂ ಪಾಳಿಯ ಮೇಲೆ ನಡೆಯುವ ಜಾಗಗಳು. ಆದರೆ ಎರಡಕ್ಕೂ ಇದ್ದ ಕಾನೂನು ಬೇರೆ. ಕಾರ್ಖಾನೆಯ ಗೇಟಿನೊಳಗೆ 1948ರ ಕಾರ್ಖಾನೆ ಕಾಯ್ದೆ ನಡೆಯುತ್ತಿತ್ತು. ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಾರಕ್ಕೊಂದು ರಜೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು, 250ಕ್ಕಿಂತ ಹೆಚ್ಚು ಜನರಿದ್ದರೆ ಕ್ಯಾಂಟೀನು, ಹೆಂಗಸರ ಸಂಖ್ಯೆ ಒಂದು ಮಟ್ಟ ದಾಟಿದರೆ ಮಕ್ಕಳಿಗೆ ಶಿಶುವಿಹಾರ. ಆ ಕಾಯ್ದೆಯ 44ನೆಯ ಕಲಮು ಬರೀ ಕುರ್ಚಿಯ ಬಗ್ಗೆ. ನಿಂತೇ ಮಾಡಬೇಕಾದ ಕೆಲಸದವರಿಗೂ ಸಂದು ಸಿಕ್ಕಾಗ ಕೂರಲು ಏರ್ಪಾಡು ಇರಲೇಬೇಕು ಎನ್ನುತ್ತಿತ್ತು ಅದು.

ಆಸ್ಪತ್ರೆ ಕಾರ್ಖಾನೆಯಲ್ಲ. ಆದ್ದರಿಂದ ಯಂತ್ರದ ಮುಂದೆ ನಿಂತವರಿಗೆ ಕಾಯ್ದೆ ಕೊಟ್ಟ ಕುರ್ಚಿ, ಆ ಯಂತ್ರಕ್ಕೆ ಬೆರಳು ಕೊಟ್ಟು ಬಂದವರ ಗಾಯ ಕಟ್ಟುವ ನರ್ಸಿಗೆ ಆ ಕಾಯ್ದೆಯಿಂದ ಸಿಗಲಿಲ್ಲ. ಅವಳಿಗೆ ಕುರ್ಚಿ ಸಿಕ್ಕಿದ್ದರೆ ಅದು ಆಡಳಿತದವರ ಒಳ್ಳೆಯತನದಿಂದ, ಹಕ್ಕಿನಿಂದಲ್ಲ. ಇದು ಯಾವುದೋ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಇಡೀ ದೇಶದ ಆಸ್ಪತ್ರೆಗಳಿಗೆ ಅನ್ವಯಿಸುವ ಮಾತು.

ಪ್ರತಿ ವರ್ಷ ಮೇ 12ರಂದು, ದಾದಿಯರ ದಿನದಲ್ಲಿ, ನರ್ಸುಗಳಿಗೆ ಬುದ್ಧಿಮಾತುಗಳು ಬರುತ್ತವೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಚೆನ್ನಾಗಿ ನಿದ್ದೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ, ಯೋಗ ಮಾಡಿ. ಒಂದೂ ತಪ್ಪು ಮಾತಲ್ಲ. ಆದರೆ ಹೊತ್ತಿಗೆ ಸರಿಯಾಗಿ ಉಣ್ಣುವುದು ಯಾರ ಕೈಲಿದೆ? ನರ್ಸುಗಳ ಆರೋಗ್ಯದ ಚರಿತ್ರೆಯನ್ನು ಓದಿದರೆ ಮತ್ತೆ ಮತ್ತೆ ಎದುರಾಗುವುದು ಈ ಪ್ರಶ್ನೆಯೇ.

*

ಆಧುನಿಕ ನರ್ಸಿಂಗ್‌ಗೆ ಇಬ್ಬರು ಹೆತ್ತವರು: ಒಂದು ಕಡೆ ಕ್ರೈಸ್ತ ಸನ್ಯಾಸಿನಿಯರ ಮಠ, ಇನ್ನೊಂದು ಕಡೆ ಸೈನ್ಯ. ಇವತ್ತಿಗೂ ನಾವು ವಾರ್ಡಿನಲ್ಲಿ ‘ಸಿಸ್ಟರ್’ ಎಂದು ಕರೆಯುವುದು ಮೊದಲನೆಯದರ ಗುರುತು. ಮೇಲಿನವರ ಮುಂದೆ ಎದ್ದು ನಿಲ್ಲುವ ಶಿಸ್ತು ಎರಡನೆಯದರದು. ಮಠಕ್ಕೆ ಸೇರಿದವಳು ದೇಹದ ಸುಖವನ್ನು ಬಿಟ್ಟು ಬಂದವಳು. ಸೈನ್ಯಕ್ಕೆ ಸೇರಿದವರು ದೇಹವನ್ನೇ ಒಪ್ಪಿಸಿದವರು. ಎರಡೂ ಕಡೆ ಗಂಟೆಯ ಲೆಕ್ಕ ಕೇಳುವ ಪದ್ಧತಿ ಇರಲಿಲ್ಲ. ನರ್ಸಿನ ಮೈ ದಣಿಯುತ್ತದೆ ಎಂಬುದು ಕಣ್ಣಿಗೆ ಬೀಳದೆ ಹೋದದ್ದರ ಬೇರು ಇಲ್ಲಿದೆ.

ಫ್ಲಾರೆನ್ಸ್ ನೈಟಿಂಗೇಲ್ ಬದುಕೇ ಇದಕ್ಕೆ ಉದಾಹರಣೆ. 1854ರ ಅಕ್ಟೋಬರಿನಲ್ಲಿ 38 ನರ್ಸುಗಳ ಜೊತೆ ಲಂಡನ್ನಿನಿಂದ ಹೊರಟು ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿ ಆಸ್ಪತ್ರೆಗೆ ಹೋದರು. ಮರು ವರ್ಷ ಮೇ ತಿಂಗಳಲ್ಲಿ ಬಾಲಕ್ಲಾವಾದಲ್ಲಿ ಜ್ವರ ಹಿಡಿದು ಸಾವಿನ ಬಾಗಿಲಿಗೆ ಹೋಗಿ ಬಂದರು. ಅದು ಬ್ರೂಸೆಲ್ಲೋಸಿಸ್ ಇದ್ದಿರಬಹುದು ಎಂಬುದು ಈಚಿನ ವೈದ್ಯರ ಊಹೆ. ಊರಿಗೆ ಮರಳಿದ ಮೇಲೆ, ಇನ್ನೂ ನಲವತ್ತು ತುಂಬದ ವಯಸ್ಸಿನಲ್ಲಿ, ಮಂಚ ಹಿಡಿದರು. ಸೈನ್ಯದ ಆರೋಗ್ಯದ ವರದಿಗಳು, ಭಾರತದ ನೈರ್ಮಲ್ಯದ ಬಗೆಗಿನ ಪತ್ರಗಳು, ಎಲ್ಲವನ್ನೂ ಹೆಚ್ಚಾಗಿ ಹಾಸಿಗೆಯಲ್ಲೋ ಸೋಫಾದಲ್ಲೋ ಒರಗಿ ಬರೆದರು. 1910ರಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೀಪ ಹಿಡಿದು ವಾರ್ಡಿನಲ್ಲಿ ಸುತ್ತುವ ನೈಟಿಂಗೇಲ್ ಚಿತ್ರ ನರ್ಸಿಂಗ್ ಶಾಲೆಗಳ ಗೋಡೆಯ ಮೇಲಿದೆ. ಹಾಸಿಗೆ ಹಿಡಿದ ನೈಟಿಂಗೇಲ್ ಚಿತ್ರ ಅಷ್ಟಾಗಿ ಕಾಣುವುದಿಲ್ಲ.

ಆದರೆ ಈ ಕಾಯಿಲೆ ಅವರಿಗೆ ಒಂದು ವಿಷಯ ಕಲಿಸಿತ್ತೋ ಏನೋ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ಶುರುವಾದಾಗ, ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಊಟ, ವಸತಿ, ಸಮವಸ್ತ್ರ, ಬಟ್ಟೆ ಒಗೆಸುವ ಖರ್ಚು, ಚಹಾ ಮತ್ತು ಸಕ್ಕರೆ ಎಲ್ಲವನ್ನೂ ಶಾಲೆಯೇ ಕೊಡುತ್ತಿತ್ತು. ಪ್ರತಿಯೊಬ್ಬರಿಗೂ ಮಲಗಲು ಒಂದು ಪುಟ್ಟ ಪ್ರತ್ಯೇಕ ಕೋಣೆ ಇತ್ತು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ವಾರ್ಡಿನ ಪಕ್ಕದಲ್ಲೋ ಮೆಟ್ಟಿಲ ಕೆಳಗೋ ಮಲಗುತ್ತಿದ್ದ ಹಳೆಯ ಕಾಲದ ದಾದಿಯರಿಗೆ ಹೋಲಿಸಿದರೆ, ಬಾಗಿಲು ಹಾಕಿಕೊಂಡು ನಿದ್ದೆ ಮಾಡಬಹುದಾದ ಕೋಣೆ ಒಂದು ಕ್ರಾಂತಿಯೇ. ನರ್ಸಿನ ಆರೋಗ್ಯ ಅವಳೊಬ್ಬಳ ಜವಾಬ್ದಾರಿಯಲ್ಲ, ಅದು ಕಟ್ಟಡದ ನಕ್ಷೆಯಲ್ಲೇ ಇರಬೇಕು ಎಂಬ ತಿಳಿವಳಿಕೆ ಅಲ್ಲಿದೆ.

*

ಈ ಹೊಸ ನರ್ಸಿಂಗ್ ಭಾರತಕ್ಕೆ ಬಂದದ್ದು ಮದ್ರಾಸಿನ ದಾರಿಯಿಂದಲೂ ಹೌದು. ಸೇಂಟ್ ಜಾರ್ಜ್ ಕೋಟೆಯಲ್ಲಿ 1664ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತೆರೆದ ಆಸ್ಪತ್ರೆಯೇ ಬೆಳೆದು ಈಗಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ ಆಗಿದೆ. 1854ರಲ್ಲೇ ಮದ್ರಾಸಿನಲ್ಲಿ ಸೂಲಗಿತ್ತಿಯರಿಗೆ ತರಬೇತಿ ಶುರುವಾಗಿತ್ತು. 1871ರಲ್ಲಿ ಜನರಲ್ ಆಸ್ಪತ್ರೆ ನರ್ಸುಗಳ ತರಬೇತಿಯನ್ನು ಕೈಗೆತ್ತಿಕೊಂಡಿತು. ಆಗ ಮದ್ರಾಸಿನ ಗವರ್ನರ್ ಆಗಿದ್ದವರು ಲಾರ್ಡ್ ನೇಪಿಯರ್. ಕ್ರಿಮಿಯಾ ಯುದ್ಧದ ಕಾಲದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿದ್ದ ಅವರು ನೈಟಿಂಗೇಲ್ ಅವರನ್ನು ಬಲ್ಲವರು, ಮದ್ರಾಸಿನಿಂದಲೂ ಅವರೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದವರು.

1926ರಲ್ಲಿ ಮದ್ರಾಸ್ ಪ್ರಾಂತ್ಯ ನರ್ಸುಗಳ ಮತ್ತು ಸೂಲಗಿತ್ತಿಯರ ಕಾಯ್ದೆ ತಂದಿತು. ನರ್ಸುಗಳ ಹೆಸರು ದಾಖಲಿಸುವ ಮಂಡಳಿ ಬಂತು. ಈ ಕಾಯ್ದೆ ಕನ್ನಡಿಗರ ಕಥೆಯೂ ಹೌದು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ, ಕಾಸರಗೋಡು, ಕೊಳ್ಳೇಗಾಲಗಳು 1956ರವರೆಗೆ ಮದ್ರಾಸಿಗೆ ಸೇರಿದ್ದವು. ಮಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದ ದಾದಿಯ ಸಂಬಳ, ರಜೆ, ವರ್ಗಾವಣೆ ಎಲ್ಲದರ ಕಡತ ಹೋಗುತ್ತಿದ್ದದ್ದು ಮದ್ರಾಸಿಗೆ. ಅಲ್ಲಿನ ಹೆರಿಗೆ ಆಸ್ಪತ್ರೆಗೆ ಇವತ್ತಿಗೂ ಮದ್ರಾಸ್ ಗವರ್ನರೊಬ್ಬರ ಹೆಂಡತಿ ಲೇಡಿ ಗೋಷನ್ ಅವರ ಹೆಸರೇ ಇದೆ.

ಹೆಸರು ದಾಖಲಾಯಿತು, ಪರೀಕ್ಷೆಗೊಂದು ಕ್ರಮ ಬಂತು. ಆದರೆ ಜನ ಸಾಲಲಿಲ್ಲ. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಲೆಕ್ಕದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ; ನರ್ಸ್ ಮಾತ್ರ 43,000 ಜನರಿಗೆ ಒಬ್ಬಳು. ಅಂದರೆ ವೈದ್ಯರಿಗಿಂತ ನರ್ಸುಗಳೇ ಎಷ್ಟೋ ಪಾಲು ಕಡಿಮೆ. ಈ ಸಂಖ್ಯೆಯನ್ನು ಸಾಮಾನ್ಯವಾಗಿ ರೋಗಿಗಳ ಕಡೆಯಿಂದ ಓದುತ್ತೇವೆ. ಆ ಒಬ್ಬಳ ಕಡೆಯಿಂದಲೂ ಓದಬೇಕು. ಇಬ್ಬರು ಮೂವರ ಕೆಲಸ ಒಬ್ಬರ ಮೇಲೆ ಬಿದ್ದಾಗ ಮೊದಲು ತಪ್ಪುವುದು ಊಟ, ಆಮೇಲೆ ನಿದ್ದೆ, ಆಮೇಲೆ ವಾರದ ರಜೆ.

*

ದಣಿವಿನ ಜೊತೆಗೆ ರೋಗದ ಭಯವೂ ಇತ್ತು. ಕ್ಷಯ ಅದರಲ್ಲಿ ದೊಡ್ಡದು. ನರ್ಸುಗಳಿಗೆ ಕ್ಷಯ ತಗಲುವುದು ಆಸ್ಪತ್ರೆಯಿಂದಲೇ ಎಂದು ಹೇಳಿದರೆ ಮೊದಲು ಯಾರೂ ಒಪ್ಪುತ್ತಿರಲಿಲ್ಲ. ಮನೆಯಿಂದಲೇ ತಂದಿರಬೇಕು, ಮೈ ದುರ್ಬಲ ಇರಬೇಕು ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಇದನ್ನು ಮುರಿದವರು ನಾರ್ವೆಯ ವೈದ್ಯ ಯೊಹಾನಸ್ ಹೈಂಬೆಕ್. 1924ರಿಂದ ಅವರು ಓಸ್ಲೋದ ಉಲ್ಲೆವೋಲ್ ಆಸ್ಪತ್ರೆಗೆ ಸೇರುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿಯರಿಗೆಲ್ಲ ಚರ್ಮದ ಮೇಲೆ ಟ್ಯುಬರ್ಕುಲಿನ್ ಪರೀಕ್ಷೆ ಮಾಡಿದರು. ಸೇರುವಾಗ ಸುಮಾರು ಅರ್ಧದಷ್ಟು ಹುಡುಗಿಯರಿಗೆ ಕ್ಷಯದ ಸೋಂಕೇ ಇರಲಿಲ್ಲ. ಮೂರು ವರ್ಷದ ತರಬೇತಿ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಿಗೂ ಸೋಂಕು ಬಂದಿತ್ತು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಬರುವಾಗ ಸೋಂಕಿಲ್ಲದೆ ಬಂದವರೇ. ವಾರ್ಡೇ ಅವರಿಗೆ ರೋಗ ಕೊಟ್ಟಿತ್ತು. ಹೈಂಬೆಕ್ ಅವರಿಗೆ ಬಿ.ಸಿ.ಜಿ. ಲಸಿಕೆ ಕೊಡತೊಡಗಿದರು, ಲಸಿಕೆ ಹಾಕಿಸಿಕೊಂಡವರಲ್ಲಿ ಕಾಯಿಲೆ ಕಡಿಮೆಯಾಯಿತು. ಬಿ.ಸಿ.ಜಿ. ಮೇಲೆ ಜಗತ್ತಿಗೆ ನಂಬಿಕೆ ಹುಟ್ಟಿಸಿದ ಮೊದಲ ದಾಖಲೆಗಳಲ್ಲಿ ಆ ನರ್ಸುಗಳ ತೋಳುಗಳೂ ಇವೆ.

ಅದೇ ಲಸಿಕೆ ಭಾರತಕ್ಕೆ ಬಂದಾಗ, 1948ರಲ್ಲಿ, ಅದನ್ನು ತಯಾರಿಸುವ ಪ್ರಯೋಗಾಲಯ ಶುರುವಾದದ್ದು ಮದ್ರಾಸಿನ ಗಿಂಡಿಯಲ್ಲಿ. ಲಸಿಕೆಯ ಬಲಾಬಲ ನೋಡಲು 1968ರಲ್ಲಿ ಜಗತ್ತಿನ ಅತಿ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ಚೆಂಗಲ್ಪಟ್ಟು ಜಿಲ್ಲೆಯಲ್ಲಿ, ಅಂಬತ್ತೂರಿನಿಂದ ಅದೇ ರೈಲು ಹಳಿಯಲ್ಲಿ ಪಶ್ಚಿಮಕ್ಕೆ ಹೋದರೆ ಸಿಗುವ ತಿರುವಳ್ಳೂರಿನ ಸುತ್ತಮುತ್ತ. ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ, 15 ವರ್ಷ ಹಿಂಬಾಲಿಸಿದ ಆ ಅಧ್ಯಯನ ಎಲ್ಲರನ್ನೂ ದಂಗುಬಡಿಸಿತು: ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಿ.ಸಿ.ಜಿ. ತಡೆಯಲಿಲ್ಲ. ಓಸ್ಲೋದಲ್ಲಿ ಕಂಡ ರಕ್ಷಣೆ ಇಲ್ಲಿ ಕಾಣಲಿಲ್ಲ. ಪುಟ್ಟ ಮಕ್ಕಳಲ್ಲಿ ಕ್ಷಯದ ಘೋರ ರೂಪಗಳನ್ನು ತಡೆಯುವುದರಿಂದ ಲಸಿಕೆ ಉಳಿಯಿತು. ಆದರೆ ಇಲ್ಲಿನ ನರ್ಸಿಗೆ ಇದರ ಅರ್ಥ ಸರಳ. ತೋಳಿನ ಮೇಲಿನ ಕಲೆಯನ್ನು ನಂಬಿ ಕೂರುವ ಹಾಗಿಲ್ಲ. ಗಾಳಿ ಆಡುವ ಕಿಟಕಿ ಬೇಕು, ಕೆಮ್ಮುವವರನ್ನು ಬೇರೆ ಮಲಗಿಸುವ ವ್ಯವಸ್ಥೆ ಬೇಕು, ಮಾಸ್ಕ್ ಬೇಕು, ಮೈಯಲ್ಲಿ ಶಕ್ತಿ ಇರುವಷ್ಟು ಊಟ ಬೇಕು. ಇವುಗಳಲ್ಲಿ ಒಂದನ್ನೂ ನರ್ಸ್ ಒಬ್ಬಳೇ ತಂದುಕೊಳ್ಳಲಾರಳು.

1986ರಲ್ಲಿ ಇದೇ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದಾಗ ಇನ್ನೊಂದು ಪಾಠವಾಯಿತು. ಗಾಜಿನ ಸಿರಿಂಜು ಕುದಿಸಿ, ಅದೇ ಸೂಜಿ ಮತ್ತೆ ಬಳಸಿ, ಬರಿಗೈಲಿ ರಕ್ತ ಒರೆಸುತ್ತಿದ್ದ ಕಾಲವದು. ಬಳಸಿ ಬಿಸಾಡುವ ಸಿರಿಂಜು, ಕೈಗವಸು, ಹೆಪಟೈಟಿಸ್ ಬಿ ಲಸಿಕೆಗಳು ಆಸ್ಪತ್ರೆಗಳಿಗೆ ನಿಧಾನವಾಗಿ ಬಂದವು. ಅವು ಬಂದ ಮೇಲೆ ಸೂಜಿ ಚುಚ್ಚಿಕೊಂಡ ನರ್ಸ್ ಬಚಾವಾಗುವ ಸಾಧ್ಯತೆ ಹೆಚ್ಚಿತು. ಇಲ್ಲೂ ಅದೇ: ‘ಜಾಗ್ರತೆ’ ಎಂದು ಹೇಳಿದ್ದು ಕಾಪಾಡಿದ್ದಕ್ಕಿಂತ, ಒಳ್ಳೆಯ ಸೂಜಿ ತರಿಸಿದ್ದು ಹೆಚ್ಚು ಕಾಪಾಡಿತು.

*

ಮಂಗಳೂರಿನ ಹಂಪನಕಟ್ಟೆಯ ಬಳಿ ಎ.ಬಿ. ಶೆಟ್ಟಿ ವೃತ್ತ ಇದೆ. ಅತ್ತಾವರ ಬಾಲಕೃಷ್ಣ ಶೆಟ್ಟಿ ಎಂದರೆ ವಿಜಯಾ ಬ್ಯಾಂಕ್ ನೆನಪಾಗುತ್ತದೆ. ಕರಾವಳಿಯ ರೈತರಿಗೆ ಸಾಲ ಸಿಗಲಿ ಎಂದು 1931ರಲ್ಲಿ ಅವರು ಮುಂದಾಳತ್ವ ವಹಿಸಿ ಕಟ್ಟಿದ ಬ್ಯಾಂಕು ಅದು. ಅವರ ಇನ್ನೊಂದು ಕೆಲಸ ಊರಿನಲ್ಲಿ ಅಷ್ಟು ಜನಕ್ಕೆ ಗೊತ್ತಿಲ್ಲ. 1950ರ ದಶಕದಲ್ಲಿ ಅವರು ಮದ್ರಾಸ್ ರಾಜ್ಯದ ಆರೋಗ್ಯ ಮಂತ್ರಿ. ಇಡೀ ದೇಶದ ನರ್ಸುಗಳ ಸೇವಾ ನಿಯಮ, ಸಂಬಳ, ದುಡಿಮೆಯ ಸ್ಥಿತಿಗಳನ್ನು ಪರಿಶೀಲಿಸಲು 1954ರಲ್ಲಿ ಸಮಿತಿಯೊಂದು ಆದಾಗ ಅದರ ಅಧ್ಯಕ್ಷರು ಅವರೇ. ನರ್ಸಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆ ‘ಶೆಟ್ಟಿ ಸಮಿತಿ’ ಎಂದು ಒಂದು ಸಾಲು ಬಾಯಿಪಾಠ ಮಾಡುವುದು ಈ ಸಮಿತಿಯನ್ನೇ. ಆ ಶೆಟ್ಟಿ ಯಾರು ಎಂದು ಆ ಸಾಲು ಹೇಳುವುದಿಲ್ಲ.

ಒಬ್ಬ ಮಂತ್ರಿಯ ಅಧ್ಯಕ್ಷತೆಯ ಸಮಿತಿ ನರ್ಸುಗಳ ದುಡಿಮೆಯ ಪರಿಸ್ಥಿತಿಯನ್ನು ದೇಶದ ಪ್ರಶ್ನೆಯಾಗಿ ಕೇಳಿದ್ದು ದೊಡ್ಡ ಸಂಗತಿ. ಆದರೂ ಮೂವತ್ತಮೂರು ವರ್ಷ ಕಳೆದು 1987ರಲ್ಲಿ ಕೇಂದ್ರ ಸರ್ಕಾರ ಅದೇ ಪ್ರಶ್ನೆಗೆ ಇನ್ನೊಂದು ಉನ್ನತಾಧಿಕಾರ ಸಮಿತಿ ಮಾಡಬೇಕಾಯಿತು. ಈ ಸಲವೂ ಅಧ್ಯಕ್ಷರು ಮದ್ರಾಸಿನವರೇ: ಸಮಾಜ ಸೇವಕಿ ಸರೋಜಿನಿ ವರದಪ್ಪನ್, ಹಿಂದಿನ ಮುಖ್ಯಮಂತ್ರಿ ಎಂ. ಭಕ್ತವತ್ಸಲಂ ಅವರ ಮಗಳು. ಅವರ ವರದಿ ಹೇಳಿದ್ದು ತೀರ ಮನೆಮಾತಿನಂಥ ವಿಷಯಗಳನ್ನು. ವಾರಕ್ಕೆ 40 ಗಂಟೆ ಕೆಲಸ. ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ಮತ್ತೆ ನಾಲ್ಕು ಗಂಟೆ ಎಂದು ಒಡೆದ ಡ್ಯೂಟಿ ಬೇಡ, ಒಂದೇ ನೇರ ಪಾಳಿ ಇರಲಿ. ವಾರಕ್ಕೊಂದು ರಜೆ, ಹೆಚ್ಚಿಗೆ ದುಡಿದ ಗಂಟೆಗೆ ರಜೆಯೋ ದುಡ್ಡೋ. ಆಸ್ಪತ್ರೆಯ ಹತ್ತಿರವೇ ವಸತಿ, ಅವೇಳೆಯಲ್ಲಿ ಹೋಗಿ ಬರಲು ವಾಹನ. ಒಡೆದ ಥರ್ಮಾಮೀಟರಿನ ದುಡ್ಡು ನರ್ಸಿನಿಂದ ವಸೂಲಿ ಮಾಡಬೇಡಿ ಎಂಬ ಅರ್ಥದ ಮಾತೂ ಅದರಲ್ಲಿದೆ.

ಇದನ್ನು ಆರೋಗ್ಯದ ದಾಖಲೆ ಎಂದು ಯಾರೂ ಕರೆಯುವುದಿಲ್ಲ, ಅದು ಆಡಳಿತದ ವರದಿ. ಆದರೆ ನರ್ಸಿನ ಬೆನ್ನು, ಹೊಟ್ಟೆ, ನಿದ್ದೆಗೆ ಬೇಕಾದ ಔಷಧ ಅಲ್ಲೇ ಪಟ್ಟಿಯಾಗಿದೆ. ಅದಕ್ಕೂ ಹತ್ತು ವರ್ಷ ಮೊದಲು, 1977ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ನರ್ಸುಗಳಿಗಾಗಿಯೇ ಒಂದು ಒಪ್ಪಂದವನ್ನು ಅಂಗೀಕರಿಸಿತ್ತು. ದುಡಿಮೆಯ ಗಂಟೆ, ವಾರದ ಬಿಡುವು, ಹೆರಿಗೆ ರಜೆ, ಕಾಯಿಲೆ ರಜೆಗಳಲ್ಲಿ ಉಳಿದ ಕೆಲಸಗಾರರಿಗಿಂತ ನರ್ಸುಗಳು ಕಡಿಮೆಯಾಗಬಾರದು ಎಂಬುದು ಅದರ ತಿರುಳು. ಭಾರತ ಅದಕ್ಕೆ ಸಹಿ ಹಾಕಿ ಬದ್ಧವಾಗಿಲ್ಲ.

*

ಮತ್ತೆ ಅಂಬತ್ತೂರಿಗೆ ಬರೋಣ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇನ್ನೊಂದು ಕಲಮಿತ್ತು, 66ನೆಯದು. ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಹೆಂಗಸರನ್ನು ಕಾರ್ಖಾನೆಯಲ್ಲಿ ದುಡಿಸುವಂತಿಲ್ಲ. ರಾತ್ರಿ ದುಡಿಮೆ ಹೆಣ್ಣಿನ ಆರೋಗ್ಯಕ್ಕೂ ಸುರಕ್ಷತೆಗೂ ಒಳ್ಳೆಯದಲ್ಲ ಎಂಬ ನಂಬಿಕೆ ಅದರ ಹಿಂದೆ. ಹಾಗಾಗಿ ಸಂಜೆಯಾದರೆ ಕಾರ್ಖಾನೆಯ ಹೆಣ್ಣುಮಕ್ಕಳು ಮನೆಗೆ. ಅದೇ ಹೊತ್ತಿಗೆ, ಅದೇ ಊರಿನಲ್ಲಿ, ನರ್ಸುಗಳು ರಾತ್ರಿ ಡ್ಯೂಟಿಗೆ ಹೊರಡುತ್ತಿದ್ದರು. ಅವರ ರಾತ್ರಿಯ ಬಗ್ಗೆ ಕಾಯ್ದೆಗೆ ಚಿಂತೆಯಿರಲಿಲ್ಲ. ಒಬ್ಬಳನ್ನು ರಾತ್ರಿಯಿಂದ ಪೂರ್ತಿ ಹೊರಗಿಟ್ಟರು, ಇನ್ನೊಬ್ಬಳನ್ನು ರಾತ್ರಿಯೊಳಗೆ ಬಿಟ್ಟು ಮರೆತರು.

2000ದ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಹೆಣ್ಣು ಎಂಬ ಕಾರಣಕ್ಕೆ ದುಡಿಯುವ ಅವಕಾಶ ತಪ್ಪಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಆದರೆ ಸುಮ್ಮನೆ ಬಾಗಿಲು ತೆರೆಯಲಿಲ್ಲ, ಷರತ್ತು ಹಾಕಿತು: ಕರೆದೊಯ್ಯಲು ವಾಹನ ಇರಬೇಕು, ವಿಶ್ರಾಂತಿ ಕೊಠಡಿ ಇರಬೇಕು, ಹಗಲಿನಿಂದ ರಾತ್ರಿಗೋ ರಾತ್ರಿಯಿಂದ ಹಗಲಿಗೋ ಪಾಳಿ ಬದಲಾದಾಗ ನಡುವೆ 12 ಗಂಟೆ ಬಿಡುವು ಇರಬೇಕು. ನೂರೈವತ್ತು ವರ್ಷದಿಂದ ರಾತ್ರಿ ದುಡಿಯುತ್ತಿರುವ ನರ್ಸುಗಳು ಇಂಥದ್ದೊಂದು ಪಟ್ಟಿಯನ್ನು ಕಾನೂನಾಗಿ ಕಂಡಿರಲಿಲ್ಲ. ರಾತ್ರಿ ಪಾಳಿ ಮುಗಿಸಿದವಳನ್ನು ‘ಇವತ್ತು ಜನ ಇಲ್ಲ’ ಎಂದು ಮಧ್ಯಾಹ್ನಕ್ಕೆ ಮತ್ತೆ ಕರೆಯುವುದು ಎಷ್ಟೋ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ನಡೆಯುವ ಸಂಗತಿ.

ರಾತ್ರಿ ಪಾಳಿ ಮೈಗೆ ಏನು ಮಾಡುತ್ತದೆ ಎಂಬುದನ್ನು ಜಗತ್ತು ತಿಳಿದದ್ದೂ ನರ್ಸುಗಳಿಂದಲೇ. 1976ರಲ್ಲಿ ಹಾರ್ವರ್ಡ್‌ನ ಫ್ರಾಂಕ್ ಸ್ಪೈಜರ್ ಅಮೆರಿಕದ 11 ರಾಜ್ಯಗಳ ನರ್ಸುಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿದರು. ಗರ್ಭನಿರೋಧಕ ಮಾತ್ರೆಯ ದೂರದ ಪರಿಣಾಮ ತಿಳಿಯುವುದು ಮೊದಲ ಉದ್ದೇಶ. ನರ್ಸುಗಳನ್ನೇ ಆರಿಸಿದ್ದಕ್ಕೆ ಕಾರಣ, ಅವರಿಗೆ ವೈದ್ಯಕೀಯ ಪದಗಳು ಗೊತ್ತು, ಉತ್ತರ ಕರಾರುವಾಕ್ಕಾಗಿರುತ್ತದೆ. 30ರಿಂದ 55 ವಯಸ್ಸಿನ 1,21,700 ನರ್ಸುಗಳು ಉತ್ತರಿಸಿದರು. ಎರಡು ವರ್ಷಕ್ಕೊಮ್ಮೆ ಪ್ರಶ್ನೆಗಳು ಹೋದವು; 1980ರ ದಶಕದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ನರ್ಸುಗಳು ತಮ್ಮ ಕಾಲುಗುರುಗಳನ್ನು ಕತ್ತರಿಸಿ ಅಂಚೆಯಲ್ಲಿ ಕಳಿಸಿದರು. ಉಗುರಿನಲ್ಲಿ ಸೇರಿಕೊಂಡ ಖನಿಜಗಳನ್ನು ಅಳೆಯಲು.

ವಾರಕ್ಕೆ ಮೂರು ಗಂಟೆ ಚುರುಕಾಗಿ ನಡೆದರೆ ಹೃದಯಾಘಾತದ ಅಪಾಯ ಶೇ. 30ರಿಂದ 40ರಷ್ಟು ಕಡಿಮೆ ಎಂದು 1999ರಲ್ಲಿ ತಿಳಿದದ್ದು ಈ ನರ್ಸುಗಳಿಂದ. ಇವತ್ತು ಲಾಲ್‌ಬಾಗಿನಲ್ಲೋ ಮರೀನಾದಲ್ಲೋ ಬೆಳಿಗ್ಗೆ ಬೀಸುಗಾಲು ಹಾಕುವವರ ಡಾಕ್ಟರು ಕೊಟ್ಟ ಸಲಹೆಯ ಬೇರು ಅಲ್ಲಿದೆ. ಅದೇ ನರ್ಸುಗಳ ಉತ್ತರಗಳು ಇನ್ನೊಂದನ್ನೂ ಹೇಳಿದವು. ಆರು ವರ್ಷಕ್ಕೂ ಮಿಕ್ಕಿ ಬದಲಾಗುವ ರಾತ್ರಿ ಪಾಳಿ ಮಾಡಿದವರಲ್ಲಿ ಹೃದಯದ ಕಾಯಿಲೆ ಸುಮಾರು ಒಂದೂವರೆ ಪಟ್ಟು, ಎಂದಿತು 1995ರ ವರದಿ. 30 ವರ್ಷಕ್ಕೂ ಹೆಚ್ಚು ಕಾಲ ಮಾಡಿದವರಲ್ಲಿ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚು, ಎಂದಿತು 2001ರದ್ದು. ಪಾಳಿಯ ವರ್ಷಗಳು ಹೆಚ್ಚಿದಂತೆ ಸಕ್ಕರೆ ಕಾಯಿಲೆಯೂ ಹೆಚ್ಚು, ಎಂದಿತು 2011ರದ್ದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ದೇಹದ ಗಡಿಯಾರ ಕೆಡಿಸುವ ಪಾಳಿ ದುಡಿಮೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ಪಟ್ಟಿ ಮಾಡಿತು. 2019ರಲ್ಲಿ ಅದನ್ನೇ ಮತ್ತೆ ಖಚಿತಪಡಿಸಿತು.

ಹಾಗಾದರೆ ವಾರ್ಡಿನಲ್ಲಿ ದಿನವಿಡೀ ಓಡಾಡುವ ನರ್ಸಿಗೆ ನಡಿಗೆಯ ಲಾಭವಾದರೂ ಸಿಗಬೇಡವೇ? ಮನೆಯವರೂ ಹಾಗೇ ಹೇಳುತ್ತಾರೆ, ‘ನಿನಗೆ ಬೇರೆ ವಾಕಿಂಗ್ ಯಾಕೆ?’ ಎಂದು. ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನದ 2021ರ ವರದಿ ಇದಕ್ಕೆ ಉತ್ತರ ಕೊಡುತ್ತದೆ. ಬಿಡುವಿನ ಹೊತ್ತಿನ ವ್ಯಾಯಾಮ ಆಯಸ್ಸು ಹೆಚ್ಚಿಸುತ್ತದೆ. ಕೆಲಸದ ಹೊತ್ತಿನ ಮೈಶ್ರಮ ಹೆಚ್ಚಿದಷ್ಟೂ ಅಪಾಯವೇ ಹೆಚ್ಚು. ಬಿಡುವಿನಲ್ಲಿ ನಡೆಯುವವರು ದಣಿದಾಗ ನಿಲ್ಲುತ್ತಾರೆ. ದುಡಿಮೆಯಲ್ಲಿ ನಡೆಯುವವರು ಗಂಟೆಗಟ್ಟಲೆ ನಿಂತು, ಬಗ್ಗಿ, ರೋಗಿಯನ್ನು ಎತ್ತಿ ಹೊರಳಿಸಿ, ನಿಲ್ಲಿಸಬೇಕೆನಿಸಿದಾಗ ನಿಲ್ಲಿಸಲಾಗದೆ ನಡೆಯುತ್ತಾರೆ. ಎರಡಕ್ಕೂ ಕನ್ನಡದಲ್ಲಿ ‘ನಡಿಗೆ’ ಎಂಬ ಒಂದೇ ಪದ. ಹೃದಯಕ್ಕೆ ಮಾತ್ರ ಅವು ಬೇರೆ ಬೇರೆ.

*

ಈಚಿನ ಹತ್ತು ವರ್ಷಗಳಲ್ಲೂ ಕಥೆ ಅದೇ ಜಾಡಿನಲ್ಲಿದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಂತೆ ಕೇಂದ್ರ ಮಾಡಿದ ಸಮಿತಿ ಖಾಸಗಿ ಆಸ್ಪತ್ರೆಗಳ ನರ್ಸುಗಳ ಬಗ್ಗೆ ಶಿಫಾರಸು ಕೊಟ್ಟಿತು. 200 ಹಾಸಿಗೆ ಮೀರಿದ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿಗೆ ಸಮನಾದ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇರುವಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ರಜೆ, ಗಂಟೆ, ವಸತಿ, ವಾಹನಗಳಲ್ಲಿ ಸರ್ಕಾರಿಯವರಿಗೆ ಸಮ. ಜಾರಿ ಮಾಡುವ ಹೊಣೆ ರಾಜ್ಯಗಳದ್ದು. 2017ರ ನವೆಂಬರಿನಲ್ಲಿ ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳ ಸಾವಿರಾರು ಗುತ್ತಿಗೆ ನರ್ಸುಗಳು ಚೆನ್ನೈನ ತೇನಾಂಪೇಟೆಯ ಆರೋಗ್ಯ ಇಲಾಖೆಯ ಆವರಣದಲ್ಲಿ ಕೂತರು. 2015ರಲ್ಲಿ ಕೆಲಸಕ್ಕೆ ಸೇರಿದ ಅವರ ಸಂಬಳ ತಿಂಗಳಿಗೆ 7,700 ರೂಪಾಯಿ. ಆ ದುಡ್ಡಿನಲ್ಲಿ ಚೆನ್ನೈನಲ್ಲಿ ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಹಣ್ಣು, ಮೊಟ್ಟೆ, ಹಾಲು ಎಷ್ಟು ಬಂದೀತು? ‘ಪೌಷ್ಟಿಕ ಆಹಾರ ಸೇವಿಸಿ’ ಎಂಬ ಮಾತಿಗೂ ಸಂಬಳದ ಚೀಟಿಗೂ ಇರುವ ಸಂಬಂಧ ಇಷ್ಟು ನೇರ.

ಆಮೇಲೆ ಕೋವಿಡ್ ಬಂತು. ಚಪ್ಪಾಳೆ ತಟ್ಟಿದರು, ಹೂವು ಸುರಿದರು, ‘ವಾರಿಯರ್’ ಎಂದರು. ಮಠ ಮತ್ತು ಸೈನ್ಯದ ಹಳೆಯ ಭಾಷೆಯೇ ಮತ್ತೆ ಬಂತು. 2020ರ ಜನವರಿಯಿಂದ 2021ರ ಮೇ ನಡುವೆ ಜಗತ್ತಿನಲ್ಲಿ ಸುಮಾರು 1,15,500 ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ಸತ್ತಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಯೋಧರು ಎಂದು ಕರೆದಾಗ ಸಾವು ಸಹಜ ಎನಿಸಿಬಿಡುತ್ತದೆ. ಕೆಲಸಗಾರರು ಎಂದು ಕರೆದಿದ್ದರೆ, ಈ ಸಾವನ್ನು ತಪ್ಪಿಸಬೇಕಿದ್ದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು.

ನರ್ಸುಗಳು ತಮ್ಮ ಆರೋಗ್ಯ ತಾವು ನೋಡಿಕೊಳ್ಳಬಾರದು ಎಂದು ಇದರ ಅರ್ಥವಲ್ಲ. ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ರೋಗಿಯನ್ನು ಎತ್ತುವುದನ್ನು ಕಲಿಯಬೇಕು, ರಾತ್ರಿ ಪಾಳಿ ಮುಗಿಸಿ ಬಂದು ಕಿಟಕಿಗೆ ದಪ್ಪ ಪರದೆ ಎಳೆದು ಮಲಗಬೇಕು, ಮಧ್ಯರಾತ್ರಿ ಎರಡು ಗಂಟೆಗೆ ಬಜ್ಜಿಯ ಬದಲು ಹಗುರವಾದದ್ದು ತಿನ್ನಬೇಕು. ಮಾಡುವವರು ಮಾಡುತ್ತಲೇ ಇದ್ದಾರೆ. ಆದರೆ ಚರಿತ್ರೆಯಲ್ಲಿ ನರ್ಸುಗಳ ಆರೋಗ್ಯ ನಿಜವಾಗಿ ಮೇಲೆದ್ದ ಜಾಗಗಳನ್ನು ಎಣಿಸಿದರೆ ಸಿಗುವುದು ಬುದ್ಧಿಮಾತುಗಳಲ್ಲ. 1860ರ ಆ ಪುಟ್ಟ ಕೋಣೆ, ಓಸ್ಲೋದ ಚರ್ಮದ ಪರೀಕ್ಷೆ, ಬಳಸಿ ಬಿಸಾಡುವ ಸೂಜಿ, ಒಡೆಯದ ನೇರ ಪಾಳಿ ಸಿಗುತ್ತವೆ. ಪ್ರತಿಯೊಂದೂ ಬೇರೆ ಯಾರೋ ತೀರ್ಮಾನಿಸಿ, ದುಡ್ಡು ಕೊಟ್ಟು, ನಿಯಮ ಮಾಡಿ ತಂದದ್ದು.

ಆಯುಧ ಪೂಜೆಯ ದಿನ ಅಂಬತ್ತೂರಿನ ಕೈಗಾರಿಕಾ ವಸಾಹತಿನಲ್ಲಿ ಯಂತ್ರಗಳು ನಿಲ್ಲುತ್ತವೆ. ಎಣ್ಣೆಯ ಜಿಡ್ಡು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಪುರಿ ಹಂಚಿ, ಎಲ್ಲರೂ ಮನೆಗೆ ಹೋಗುತ್ತಾರೆ. ವರ್ಷವಿಡೀ ದುಡಿಯುವ ಯಂತ್ರಕ್ಕೂ ಒಂದು ದಿನ ಬಿಡುವು ಬೇಕು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆಸ್ಪತ್ರೆ ಆ ದಿನ ಮುಚ್ಚುವಂತಿಲ್ಲ, ಮುಚ್ಚಲೂಬಾರದು. ಅಲ್ಲಿ ಒಬ್ಬಳಿಗೆ ಬಿಡುವು ಸಿಗಬೇಕಾದರೆ ಅವಳ ಜಾಗದಲ್ಲಿ ಇನ್ನೊಬ್ಬಳು ಇರಬೇಕು. ಆ ಇನ್ನೊಬ್ಬಳನ್ನು ನೇಮಿಸಬೇಕು, ಸಂಬಳ ಕೊಡಬೇಕು. ಭೋರ್ ಸಮಿತಿ 1946ರಲ್ಲಿ 43,000ಕ್ಕೆ ಒಬ್ಬಳು ಎಂದು ಎಣಿಸಿ ತೋರಿಸಿದ್ದು ಈ ಕೊರತೆಯನ್ನೇ.